ಬೆನ್ನಿಗೆ ತಿಳಿದ ಕಡಲು

“ಹನ್ನೊಂದು ವರ್ಷ ನೀರು ಹೊತ್ತೆ, ಅಂಗಳ ಗುಡಿಸಿದೆ, ಬಂದವರಿಗೆ ಬಡಿಸಿದೆ. ನಾಳೆ ಬರಿಗೈಯಲ್ಲಿ ಹೋಗಲೇ, ಬುದ್ಧಿ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನನ್ನು ದೂರದ ಊರೊಂದರ ಮಠಕ್ಕೆ ಹಿರಿಯನನ್ನಾಗಿ ಕಳಿಸುವುದೆಂದು ನಿಶ್ಚಯವಾಗಿತ್ತು. ಅಲ್ಲಿನ ಸ್ವಾಮಿಗಳು ತೀರಿಕೊಂಡ ಮೇಲೆ ಊರು ಎರಡು ಪಾಲಾಗಿ, ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯದಂತಾಗಿತ್ತು. ಆ ಜನರ ನಡುವೆ ಕೂತು ಏನು ಹೇಳಬೇಕೆಂದು ಶಿಷ್ಯನಿಗೆ ಹೊಳೆಯುತ್ತಿರಲಿಲ್ಲ. ಗುರುಗಳ ಬಳಿ ತಾಳೆಯೋಲೆಯ ಕಟ್ಟೊಂದಿತ್ತು, ಅವರ ಗುರುಗಳು ಉಪದೇಶ ಬರೆದಿಟ್ಟದ್ದು. ಅದೊಂದು ಕೈಗೆ ಸಿಕ್ಕರೆ ಹೇಗೋ ನಿಭಾಯಿಸಬಹುದು ಎಂದು ಅವನ ಆಸೆ. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು.

ಗುರುಗಳು ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎಂದೂ ಅನ್ನಲಿಲ್ಲ. ಕೂತುಕೋ ಎಂದರು. ಹಡಗಿನಲ್ಲಿ ಮೂವತ್ತು ವರ್ಷ ದುಡಿದು ಬಂದ ಭಕ್ತರೊಬ್ಬರಿಂದ ಕೇಳಿದ್ದೆಂದು ಹೇಳಿ, ಈ ಕತೆ ಶುರುಮಾಡಿದರು.

ಪೆಸಿಫಿಕ್ ಮಹಾಸಾಗರದ ನಡುವೆ ಮಾರ್ಷಲ್ ದ್ವೀಪಗಳೆಂಬ ದೇಶವಿದೆ. ಅಲ್ಲಿನ ನೆಲವನ್ನೆಲ್ಲ ಒಟ್ಟುಮಾಡಿದರೆ ನಮ್ಮದೊಂದು ಹೋಬಳಿಯಷ್ಟಾದೀತು. ಆ ಹೋಬಳಿಯನ್ನು ಚೂರುಚೂರು ಮಾಡಿ, ಭಾರತದ ಅರ್ಧಕ್ಕಿಂತ ದೊಡ್ಡ ಕಡಲಿನ ತುಂಬ ಎರಚಿದಂತಿದೆ. ಬೆಟ್ಟವಿಲ್ಲ, ಹೊಳೆಯಿಲ್ಲ. ನೆಲ ನೀರಿನಿಂದ ಆಳೆತ್ತರ ಎದ್ದಿದ್ದರೆ ಹೆಚ್ಚು. ಹತ್ತು ಮೈಲಿ ಆಚೆಯಿಂದ ಹಾದುಹೋದವನಿಗೆ ತೆಂಗಿನ ತಲೆಯೂ ಕಾಣದು. ಅಂಥ ಕಡಲಲ್ಲಿ, ಕೇದಗೆಯ ಜಾತಿಯ ಗರಿಯನ್ನು ಚಾಪೆಯಂತೆ ಹೆಣೆದು ಹಾಯಿ ಮಾಡಿಕೊಂಡು, ಆ ಜನ ಸಾವಿರ ವರ್ಷಕ್ಕೂ ಮಿಗಿಲಾಗಿ ಓಡಾಡಿದರು. ದಿಕ್ಸೂಚಿ ಇರಲಿಲ್ಲ. ಅವರು ಓದುತ್ತಿದ್ದದ್ದು ಅಲೆಯನ್ನು.

“ಅಲೆಯನ್ನೇ?” ಎಂದ ಶಿಷ್ಯ. ತನ್ನ ದೂರು ಅವನಿಗೆ ಅರೆಗಳಿಗೆ ಮರೆತುಹೋಗಿತ್ತು.

ಅಲೆಯನ್ನೇ. ಆ ವಿದ್ಯೆ ಕೆಲವೇ ಮನೆತನಗಳಲ್ಲಿತ್ತು. ಅಲ್ಲಿ ನೆಲವೂ ಕುಲವೂ ತಾಯಿಯ ಕಡೆಯಿಂದ ಇಳಿದು ಬರುತ್ತವೆ, ನಮ್ಮ ತುಳುನಾಡಿನ ಅಳಿಯಸಂತಾನದ ಹಾಗೆ. ಹೀಗಾಗಿ ಒಬ್ಬ ನಾವಿಕ ತನ್ನ ವಿದ್ಯೆಯನ್ನು ತಂಗಿಯ ಮಗನಿಗೆ ಕಲಿಸತೊಡಗಿದ. ಅಳಿಯನಿಗೆ ಆಗ ಏಳು ವರ್ಷ. ಮಾವ ಅವನನ್ನು ನೀರಿನ ಮೇಲೆ ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, “ಎಷ್ಟು?” ಎಂದು ಕೇಳಿದ. ಎಷ್ಟು ದಿಕ್ಕಿನ ಅಲೆ ಬೆನ್ನಿಗೆ ತಾಗುತ್ತಿದೆ ಎಂದು ಆ ಪ್ರಶ್ನೆಯ ಅರ್ಥ. ಒಂದು ಎಂದ ಅಳಿಯ. ಮಾವ ದಡಕ್ಕೆ ನಡೆದ. ಮರುದಿನ ಮತ್ತೆ ಅದೇ ನೀರು, ಅದೇ ಪ್ರಶ್ನೆ. ಎರಡು ಎನ್ನುವುದಕ್ಕೆ ಅಳಿಯನಿಗೆ ಎರಡು ವರ್ಷ ಬೇಕಾಯಿತು. ನಾಲ್ಕು ಎನ್ನುವ ಹೊತ್ತಿಗೆ ಮೀಸೆ ಬಂದಿತ್ತು. ಆಗಲೂ ಮಾವ ಭೇಷ್ ಎನ್ನಲಿಲ್ಲ. ಇಷ್ಟು ವರ್ಷ ನೀರಲ್ಲಿ ನೆನೆಸಿದ್ದು ಬಿಟ್ಟರೆ ಈ ಮನುಷ್ಯ ತನಗೇನೂ ಕೊಡಲಿಲ್ಲ ಎಂದು ಅಳಿಯ ಒಳಗೊಳಗೇ ಕುದಿಯುತ್ತಿದ್ದ.

ಏಕೆಂದರೆ ಕೊಡಬಹುದಾದದ್ದೊಂದು ಮಾವನ ಮನೆಯ ಸೂರಿನಲ್ಲೇ ಇತ್ತು. ಆ ಜನ ಕಡಲಿನ ನಕ್ಷೆಯನ್ನು ಕಡ್ಡಿಗಳಿಂದ ಕಟ್ಟುತ್ತಾರೆ. ನೀನು ಅಂಗಳ ಗುಡಿಸುತ್ತೀಯಲ್ಲ, ಅಂಥದೇ ತೆಂಗಿನ ಗರಿಯ ಕಡ್ಡಿ. ಅಲೆ ಬಾಗುವ ಕಡೆ ಕಡ್ಡಿ ಬಾಗುತ್ತದೆ, ದ್ವೀಪವಿರುವ ಕಡೆ ಒಂದು ಕವಡೆ. ಆದರೆ ಕಟ್ಟಿದವನು ಬಿಡಿಸಿ ಹೇಳದೆ ಒಬ್ಬನ ನಕ್ಷೆ ಇನ್ನೊಬ್ಬನಿಗೆ ಅರ್ಥವಾಗದು. ಅದನ್ನು ಕಡಲಿಗೆ ಒಯ್ಯುವ ಪದ್ಧತಿಯೂ ಇಲ್ಲ. ದಡದಲ್ಲಿ ನೋಡಿ, ಮನಸ್ಸಿಗೆ ಹಾಕಿಕೊಂಡು, ಮನೆಯಲ್ಲೇ ಬಿಟ್ಟು ಹೊರಡಬೇಕು. ಅಳಿಯ ಕೇಳಿದಾಗಲೆಲ್ಲ ಮಾವ ಅದು ತನ್ನದೆಂದೂ, ನಿನ್ನದನ್ನು ನೀನೇ ಕಟ್ಟಿಕೋ ಎಂದೂ ಹೇಳಿ ಬಾಯಿ ಮುಚ್ಚಿಸುತ್ತಿದ್ದ.

ಒಂದು ವರ್ಷ ದೊಡ್ಡ ಬಿರುಗಾಳಿ ಬಂತು. ದೀವಿಹಲಸಿನ ಮರಗಳು ಮುರಿದವು. ಕಡಲು ಉಕ್ಕಿ ಬಾವಿಗಳಿಗೆ ಉಪ್ಪುನೀರು ನುಗ್ಗಿತು. ಮುದುಕರು ಉಳಿದ ಎಳನೀರಿನಲ್ಲಿ ದಿನ ದೂಡುವುದೆಂದೂ, ಮಕ್ಕಳೊಂದಿಗರೆಲ್ಲ ನಾಲ್ಕು ದಿನದ ದಾರಿಯ ದ್ವೀಪಕ್ಕೆ, ತಮ್ಮ ಕುಲದವರ ಬಳಿಗೆ ಹೋಗುವುದೆಂದೂ ಆಯಿತು. ಆರು ದೋಣಿ, ಅರುವತ್ತು ಜನ. ಮಾವನಿಗೆ ಸೊಂಟ ಬಿದ್ದುಹೋಗಿತ್ತು. ಅವನು ಅಳಿಯನಿಗೆ ಮುಂದಿನ ದೋಣಿ ತೋರಿಸಿದ. ದಾರಿ ಬಲ್ಲವನು ಒಬ್ಬನೇ, ಮುಂದಿನ ದೋಣಿಯವನು. ಉಳಿದವರು ಅವನ ಹಾಯಿಯನ್ನು ನೋಡಿಕೊಂಡು ಹಿಂದೆ ಬರುತ್ತಾರೆ.

ಅಳಿಯ ಮಾವನ ಮನೆಗೆ ಹೋಗಿ, ಸೂರಿನಲ್ಲಿದ್ದ ನಕ್ಷೆಯನ್ನು ಕದ್ದು, ಚಾಪೆಯಲ್ಲಿ ಸುತ್ತಿ ದೋಣಿಯಲ್ಲಿಟ್ಟ. ಅವನ ಕುಲದಲ್ಲಿ ಅಂಥ ಕೆಲಸ ಮಾಡಿದವರು ಇರಲಿಲ್ಲ.

ಎರಡು ದಿನ ಬಿಸಿಲೂ ಚುಕ್ಕಿಯೂ ದಾರಿ ತೋರಿಸಿದವು. ಮೂರನೆಯ ದಿನ ಮೋಡ ಮುಚ್ಚಿತು, ಗಾಳಿ ತಿರುಗಿತು. ನಾಲ್ಕನೆಯ ದಿನ ಕಾಣಬೇಕಾದ ನೆಲ ಕಾಣಲಿಲ್ಲ. ಐದನೆಯ ದಿನ ಬೆಳಿಗ್ಗೆ ಅಳಿಯ ಚಾಪೆ ಬಿಚ್ಚಿದ. ನಕ್ಷೆಯನ್ನು ಹೀಗೆ ಹಿಡಿದು ನೋಡಿದ, ಹಾಗೆ ತಿರುಗಿಸಿ ನೋಡಿದ. ಯಾವ ಕವಡೆ ತನ್ನ ಊರು, ಯಾವುದು ಹೋಗಬೇಕಾದ ಊರು ಎಂಬುದೇ ತಿಳಿಯಲಿಲ್ಲ. ಎಳನೀರು ಆ ದಿನಕ್ಕೆ ಮುಗಿಯುತ್ತಿತ್ತು. ಹಿಂದಿನ ಐದೂ ದೋಣಿ ಅವನ ಹಾಯಿಯನ್ನು ನಂಬಿ ಬರುತ್ತಿದ್ದವು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, “ಅಣ್ಣಾ, ಇನ್ನು ಎಷ್ಟು ದೂರ?” ಎಂದು ಕೇಳಿದಳು.

ಅಳಿಯ ಹಿಂದಿನ ಐದು ಹಾಯಿಗಳನ್ನು ನೋಡಿದ. ಅರುವತ್ತು ಜನರನ್ನು ಕೊಂದೆ ಎಂದುಕೊಂಡ. ದೋಣಿಯ ತಳದಲ್ಲಿ ಅಂಗಾತ ಬಿದ್ದುಕೊಂಡ. ಉಪಾಯ ಹೊಳೆದು ಮಲಗಿದ್ದಲ್ಲ, ಕೈಸೋತು ಬಿದ್ದದ್ದು. ಕಣ್ಣು ಮುಚ್ಚಿತು. ರೂಢಿಯ ಬಲದಿಂದ ತುಟಿ ತಾನಾಗಿ ಒಂದು ಎಂದಿತು.

ಆಮೇಲೆ ಎರಡು ಎಂದಿತು. ಸ್ವಲ್ಪ ಹೊತ್ತಿಗೆ ಮೂರು. ಬಹಳ ಹೊತ್ತಿನ ಮೇಲೆ ನಾಲ್ಕು. ನಾಲ್ಕೂ ತಂತಮ್ಮ ದಿಕ್ಕಿನಿಂದ ಮರದ ಹಲಗೆಯನ್ನು ದಾಟಿ ಅವನ ಬೆನ್ನಿಗೆ ಬಂದವು. ಅಷ್ಟಕ್ಕೇ ನಿಲ್ಲಲಿಲ್ಲ. ಆ ನಾಲ್ಕರ ನಡುವೆ, ಅವು ಯಾವುವೂ ಅಲ್ಲದ ಒಂದು ಸಣ್ಣ ತಳ್ಳು. ಮಾವ ಎಂದೂ ಹೇಳಿರದ ಐದನೆಯದು. ಎಲ್ಲೋ ನೆಲಕ್ಕೆ ಬಡಿದು ತಿರುಗಿ ಬರುತ್ತಿದ್ದ ಅಲೆ ಅದು. ಕಣ್ಣಿಗೆ ಕಾಣದ ದ್ವೀಪ ಒಬ್ಬ ಮನುಷ್ಯನ ಬೆನ್ನು ತಟ್ಟಿ ಕರೆಯುತ್ತಿತ್ತು. ಹುಟ್ಟಿದಾಗಿನಿಂದ ಆಡಿದ ನೀರು ಇಷ್ಟು ಮಾತಾಡುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಬರುವ ಅಲೆಯೂ ತಿರುಗಿದ ಅಲೆಯೂ ಕೂಡುವ ಕಡೆ ನೀರು ಗಂಟು ಬೀಳುತ್ತದೆ. ಆ ಗಂಟುಗಳ ಸಾಲನ್ನು ಅಲ್ಲಿಯವರು ಬೇರು ಎನ್ನುತ್ತಾರೆ, ಅದು ನೆಲದವರೆಗೂ ಹೋಗುತ್ತದೆಂದು. ಅಳಿಯ ಏಳಲಿಲ್ಲ, ಕಣ್ಣು ತೆರೆಯಲಿಲ್ಲ. ಮಲಗಿದಲ್ಲಿಂದಲೇ ಕೈ ಎತ್ತಿ ದಿಕ್ಕು ತೋರಿಸಿದ. ಚುಕ್ಕಾಣಿಯವನು ತಿರುಗಿಸಿದ. ಸಂಜೆಗೆ ಮುಂಚೆ ಆ ಹೆಂಗಸು, “ತೆಂಗು! ಅಲ್ಲಿ ನೋಡಿ, ತೆಂಗು!” ಎಂದು ಕೂಗಿ ಅತ್ತುಬಿಟ್ಟಳು.

ಇಲ್ಲಿಗೆ ಗುರುಗಳು ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು.

ಮಳೆ ಬಂದು ಬಾವಿಗಳು ಸಿಹಿಯಾದ ಮೇಲೆ ಅರುವತ್ತು ಜನವೂ ಊರಿಗೆ ಮರಳಿದರು. ಅಳಿಯ ನಕ್ಷೆಯನ್ನು ಮಾವನ ಮುಂದಿಟ್ಟು, “ಕದ್ದಿದ್ದೆ, ಮಾವ,” ಎಂದು ತಲೆ ತಗ್ಗಿಸಿದ.

“ಗೊತ್ತು. ಅದು ನಾನು ನಿನ್ನ ವಯಸ್ಸಿನಲ್ಲಿ ಕಟ್ಟಿದ್ದು. ಅದರಲ್ಲಿ ಎರಡು ಕವಡೆ ತಪ್ಪು ಜಾಗದಲ್ಲಿವೆ,” ಎಂದ ಮಾವ.

ಶಿಷ್ಯನಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಮಾವನ ಮೇಲೆ ಬಂದ ಸಿಟ್ಟೋ, ಎದುರಿಗೆ ಕೂತವರ ಮೇಲೆ ಬಂದದ್ದೋ ಅವನಿಗೇ ಗೊತ್ತಾಗಲಿಲ್ಲ.

“ಹೊರಡುವ ಮೊದಲೇ ಮಾವ ಅಳಿಯನಿಗೆ ‘ನಿನಗೆ ಎಲ್ಲ ಬಂದಿದೆ’ ಎಂದು ಒಂದು ಮಾತು ಹೇಳಬಹುದಿತ್ತಲ್ಲ, ಬುದ್ಧಿ? ಅವನು ಅಷ್ಟು ಹೆದರಬೇಕಾಗಿರಲಿಲ್ಲ,” ಎಂದ.

“ನಿನಗೂ ಎಲ್ಲ ಬಂದಿದೆ,” ಎಂದರು ಗುರುಗಳು. “ಹೇಳಿದೆನಲ್ಲ, ನಂಬಿದೆಯಾ?”