ಸೌಟು ಕಿವಿಗಿಟ್ಟ ಉಗ್ರಪ್ಪ

ಚೌಡಮ್ಮನಿಗೊಬ್ಬ ಮಗ, ಉಗ್ರಪ್ಪ ಅಂತ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಇವನನ್ನ ಯಾಕಾದ್ರೂ ಹೆತ್ತೆನೋ!" ಅಂತ ಅವಳು ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮಗಳು ಸುಜಾತ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಾಗ ತನ್ನ ಮಗುವನ್ನು ಅವ್ವನ ಹತ್ತಿರ ಬಿಡುತ್ತಿದ್ದಳು. ಅವತ್ತು ಹೊಸ್ತಿಲಲ್ಲೇ ನಿಂತು ಹೇಳಿದಳು: "ಅವ್ವ, ಫೋನ್ ಹಿಡ್ಕೊಂಡು ಮಗೂನೇ ಮರೀತೀಯಂತೆ. ಇನ್ನೊಂದ್ಸಲ ಹಂಗಾದ್ರೆ ನಾಳೆಯಿಂದ ನಮ್ಮತ್ತೆ ಹತ್ರ ಬಿಡ್ತೀನಿ!"

"ಯಾವಳೇ ಹೇಳಿದ್ದು? ನಾನು ಫೋನ್ ಮುಟ್ಟೋದೇ ಇಲ್ಲ!"

ಮೊಮ್ಮಗು ಬೀಗಿತಿ ಪಾಲಾದರೆ ಚೌಡಮ್ಮನ ಜೀವವೇ ಹೋದ ಹಾಗೆ. ಆದರೇನು, ಸುಜಾತ ಬೀದಿ ತಿರುಗಿದ್ದೇ ತಡ, ಫೋನು ಬಡಕೊಂಡಿತು. ತಂಗಿ ರಂಗಿ! ಚೌಡಮ್ಮ ಜಗಲಿಗೆ ಹಾರಿದಳು.

"ಲೇ ಉಗ್ರ, ಮಗೂನ ನೋಡ್ತಿರು. ಕಣ್ಣು ಆ ಕಡೆ ಈ ಕಡೆ ಹೋಗ್ಬಾರ್ದು!"

ಉಗ್ರಪ್ಪ ನೋಡಿದ. ಮಗು ರಾಗಿಹಿಟ್ಟಿನ ಡಬ್ಬಿ ಉರುಳಿಸಿತು, ನೋಡಿದ. ತಲೆ ಮೇಲೆ ಸುರಿದುಕೊಂಡಿತು, ನೋಡಿದ. ಹಿಟ್ಟು ಕಣ್ಣಿಗೆ ಬಿದ್ದು ಕಿರುಚಿಕೊಂಡಿತು, ಆಗಲೂ ನೋಡಿದ.

ಚೌಡಮ್ಮ ಓಡಿ ಬಂದಳು. "ಅಯ್ಯೋ ಮುಠ್ಠಾಳ! ಅತ್ತರೆ ಎತ್ಕೋಬೇಕು, ತಟ್ಟಬೇಕು, ಹಾಲು ಕೊಡಬೇಕು!"

"ಹಂಗೇ ಆಗ್ಲಿ ಅವ್ವ!"

ಮಗುವಿನ ಮೈ ತೊಳೆದು, ಫೋನು ಚಾರ್ಜಿಗೆ ಹಾಕಿ, ಅವಳು ನಲ್ಲಿ ನೀರಿಗೆ ಹೋದಳು. ಫೋನು ಅತ್ತಿತು. ಉಗ್ರಪ್ಪ ಎತ್ತಿಕೊಂಡ, ತಟ್ಟಿದ. ಸುಮ್ಮನಾಗಲಿಲ್ಲ. ಹಾಲಿನ ಪಾತ್ರೆಗೆ ಹಾಕಿದ. ಸುಮ್ಮನಾಯಿತು!

"ನನ್ನ ಫೋನೂ!" ಬಂದ ಚೌಡಮ್ಮ ಎದೆ ಬಡಿದುಕೊಂಡಳು. "ಮಗು ಯಾವುದು, ಫೋನ್ ಯಾವುದು ಗೊತ್ತಾಗಲ್ವೇನೋ?"

"ಎರಡೂ ಅತ್ತಾಗ ನೀನು ಮೊದಲು ಎತ್ಕೊಳ್ಳೋದು ಫೋನನ್ನೇ ಅಲ್ವೇನವ್ವ?"

"ಬಾಯ್ಮುಚ್ಚು! ನಿನ್ನ ತಲೆ ಓಡಿಸಬೇಡ. ದಿನಾ ನಾನು ಹೆಂಗೆ ಮಾಡ್ತೀನೋ ಹಂಗೇ ಮಾಡು!"

ಮಗುವನ್ನು ತೊಟ್ಟಿಲಿಗೆ ಹಾಕಿ, ಹಾಲು ಸೋರುವ ಫೋನನ್ನು ಸೆರಗಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಓಡಿದಳು.

ಉಗ್ರಪ್ಪ ಅವ್ವನ ಹಾಗೇ ಕಾಲು ಚಾಚಿ ಕೂತ. ಅವ್ವನ ಹಾಗೇ ತೊಟ್ಟಿಲ ಹಗ್ಗ ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡ. ಫೋನಿಲ್ಲವಲ್ಲ? ಸೌಟು ಕಿವಿಗಿಟ್ಟ. "ಹ್ಞೂಂ ಕಣೇ ರಂಗಿ! ಆಮೇಲೆ? ಅಯ್ ಶಿವನೇ, ಆಮೇಲೆ?"

ತೂಗಿದ್ದೇ ತೂಗಿದ್ದು. ಮಗು ಇಳಿದು ಹೋಗಿದ್ದು ಗೊತ್ತೇ ಆಗಲಿಲ್ಲ.

ಸಂಜೆ ಸುಜಾತ ಬಂದಳು. ಹಿಂದೆಯೇ ಚೌಡಮ್ಮನೂ ಏದುಸಿರು ಬಿಡುತ್ತ ಬಂದಳು. ತೊಟ್ಟಿಲು ತೂಗುತ್ತಿತ್ತು, ಒಳಗೆ ಮಗುವಿಲ್ಲ. ಅದು ಮಂಚದ ಕೆಳಗೆ ಕೂತು ಪೊರಕೆ ಚೀಪುತ್ತಿತ್ತು.

"ಏನೋ ಇದು?" ಸುಜಾತ ಕಿರುಚಿದಳು.

ಉಗ್ರಪ್ಪ ಅವ್ವನ ಹಾಗೇ ಅಂಗೈ ತೋರಿಸಿ ತಡೆದ. ಅವ್ವನ ಹಾಗೇ ಸೌಟಿಗೆ ಪಿಸುಗುಟ್ಟಿದ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ:

"ಇಡ್ತೀನಿ ಕಣೇ ರಂಗಿ, ಮಗಳು ಬಂದ್ಲು! ಇನ್ನು ಬೆಳಗಿಂದ ಮಗೂನ ಎತ್ಕೊಂಡೇ ಇದ್ದವಳ ಥರ ಸೊಂಟ ಹಿಡ್ಕೊಂಡು ನರಳಬೇಕು!"