ಕೆಂಚವ್ವ ಗೊತ್ತು ಮಾಡಿದ ಸವಾರಿ

ಬಯಲಿಗೆ ಅಂಟಿಕೊಂಡಿದ್ದ ಒಂದು ಕುರುಚಲು ಕಾಡಿನಲ್ಲಿ ಕೆಂಚವ್ವ ಎಂಬ ಕಾಡುಕೋಳಿ ಇದ್ದಳು. ಅವಳಿಗೆ ಐದು ಮರಿಗಳು. ಬೇಸಿಗೆ ಬಂತೆಂದರೆ ಕಾಡಿನೊಳಗಿನ ಹೊಂಡ ಬತ್ತಿಹೋಗುತ್ತಿತ್ತು. ಆಮೇಲೆ ನೀರಿಗೆ ಬಯಲು ದಾಟಿ ಆಚೆಯ ಹಳ್ಳಕ್ಕೇ ಹೋಗಬೇಕು. ಬಯಲಿನ ಮೇಲೆ ಹದ್ದು ಸುತ್ತುತ್ತಿತ್ತು. ಹೋದ ಬೇಸಿಗೆಯಲ್ಲಿ ಅದು ಅವಳ ಎರಡು ಮರಿಗಳನ್ನು ಕಣ್ಣೆದುರೇ ಎತ್ತಿಕೊಂಡು ಹೋಗಿತ್ತು. ಆ ಸಂಕಟ ಇನ್ನೂ ಆರಿರಲಿಲ್ಲ. ಈ ಸಲ ಮರಿಗಳನ್ನು ನಡೆಸುವುದೇ ಬೇಡ, ಯಾರದಾದರೂ ಬೆನ್ನ ಮೇಲೆ ಕೂರಿಸಿಕೊಂಡು ದಾಟೋಣ ಎಂದು ಅವಳು ನಿಶ್ಚಯಿಸಿದಳು.

ಆ ಕಾಡಿನಲ್ಲಿ ಸವಾರಿ ಗೊತ್ತು ಮಾಡಿಕೊಡುವುದು ನರಿಯ ಕಸುಬು. ಹೊರುವವರಿಗೆ ಬೇಸಿಗೆ ಮುಗಿಯುವವರೆಗೂ ಕೂರುವವರೇ ಮೇವು ಹೊಂದಿಸಬೇಕು. ಅದು ಪದ್ಧತಿ. ಇನ್ನೊಂದು ಪದ್ಧತಿಯೂ ಇತ್ತು. ಗೊತ್ತು ಮಾಡುವ ಮುಂಚೆ ನರಿಯ ಗುಹೆಯ ಮುಂದಿನ ಸಮನೆಲದಲ್ಲಿ ಎಲ್ಲರೂ ಒಂದು ಓಟ ನೋಡುತ್ತಿದ್ದರು. ಬರಿಬೆನ್ನಿನ ಓಟ. ಅಷ್ಟು ನೋಡಿ ತಲೆಯಾಡಿಸಿ ಬರುತ್ತಿದ್ದರು, ಪಾಪ.

ನರಿ ಕೆಂಚವ್ವನಿಗೂ ಓಟ ತೋರಿಸಿತು. ಮೊದಲು ಕಾಡುಹಂದಿ ಓಡಿತು. ಚಾಪೆ ಹಾಸಿದಷ್ಟು ಅಗಲವಾದ ಬೆನ್ನು. ಆದರೆ ಅದರ ಹೊಟ್ಟೆಗೆ ಗೆಡ್ಡೆ ಕೆದರಿ ಕೆದರಿ ತನ್ನ ಕಾಲುಗುರು ಸವೆದೇ ಹೋಗುತ್ತದೆ ಎಂದು ಕೆಂಚವ್ವನಿಗೆ ಅನ್ನಿಸಿತು. ಆಮೇಲೆ ಕಾಡುಕುರಿ ಓಡಿತು. ನೋಡಿದವರು ಆಕಳಿಸುವಂಥ ಓಟ. ಕೊನೆಗೆ ಚಿಗರಿ ನೆಗೆಯಿತು ನೋಡಿ, ಧೂಳು ಏಳುವಷ್ಟರಲ್ಲಿ ಆಚೆ ತುದಿಯಲ್ಲಿ ನಿಂತಿತ್ತು.

"ಇದನ್ನೇ ಹಿಡಿ ಅಕ್ಕ. ಹದ್ದು ರೆಕ್ಕೆ ಮಡಚುವುದರೊಳಗೆ ನೀನು ಹಳ್ಳದಲ್ಲಿರುತ್ತೀಯ," ಎಂದಿತು ನರಿ.

"ಮೇವು ಏನು ಹಾಕಬೇಕು ನರಿಯಣ್ಣ?"

"ಎಳೆ ಚಿಗುರು. ಸ್ವಲ್ಪ ಹುಡುಕಬೇಕಾಗುತ್ತದೆ, ಏನೀಗ? ಮಕ್ಕಳಿಗಿಂತ ಹೆಚ್ಚೇ?"

"ನಿನಗೇನು ಕೊಡಲಿ?"

"ನನಗೇನೂ ಬೇಡವ್ವ. ಮಕ್ಕಳು ಕ್ಷೇಮವಾಗಿದ್ದರೆ ಸಾಕು," ಎಂದು ನರಿ ಕಣ್ಣು ಮುಚ್ಚಿಕೊಂಡಿತು.

ಕೆಂಚವ್ವನಿಗೆ ಚಿಗರಿಯ ಮೇಲೆ ಮನಸ್ಸಾಗಿತ್ತು. ಸುಳ್ಳೇಕೆ ಹೇಳಬೇಕು, ಆ ಓಟ ಕಂಡರೆ ಯಾರಿಗೆ ಆಸೆಯಾಗುವುದಿಲ್ಲ? ಆದರೂ ಅವಳು ತಾಯಿ. "ನಮ್ಮ ದಾರಿ ಹೀಗೆ ಸಮ ಇಲ್ಲ, ತಗ್ಗುದಿಣ್ಣೆ ಜಾಸ್ತಿ. ನಾಳೆ ಬೆಳಿಗ್ಗೆ ಬಯಲಿನಲ್ಲೇ ಭಾರ ಹೊರಿಸಿ ನೋಡುತ್ತೇನೆ," ಎಂದಳು. ನರಿಯ ಬಾಯಲ್ಲಿ ನೀರೂರಿತು. ಅದನ್ನು ನುಂಗಿಕೊಂಡು, "ಧಾರಾಳವಾಗಿ ನೋಡು," ಎಂದಿತು.

ಆದರೆ ಮರಿಗಳನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಅವಳಿಗೆಲ್ಲಿಂದ ಬರಬೇಕು? ಬೆಳಕು ಹರಿಯುತ್ತಲೇ ಅವುಗಳನ್ನು ಪೊದೆಯೊಳಗೆ ಬಚ್ಚಿಟ್ಟಳು. ಮರಿಗಳ ಗಾತ್ರದ ಐದು ಕಲ್ಲು ಆರಿಸಿದಳು. ಮರಿಗಳ ಮೈಯಂತೆಯೇ ಇರಲಿ ಎಂದು ಅವಕ್ಕೆ ಮರದ ಅಂಟು ಸವರಿ, ಗೂಡಿನಲ್ಲಿ ಉದುರಿದ್ದ ಪುಕ್ಕ ಹಚ್ಚಿದಳು. ಚಿಗರಿ ಮಲಗಿ ಬೆನ್ನು ಕೊಟ್ಟಿತು. ಕಲ್ಲುಗಳನ್ನು ಸಾಲಾಗಿ ಇಟ್ಟು, ತಾನು ಮುಂದೆ ಕೊಂಬು ಹಿಡಿದು ಕೂತಳು.

ಚಿಗರಿ ಹಾರಿತು. ಕೆಂಚವ್ವನ ಜೀವ ಬಾಯಿಗೆ ಬಂತು. ಮೊದಲನೆಯ ದಿಣ್ಣೆಗೇ ಎರಡು ಕಲ್ಲು ಉರುಳಿದವು, ಎರಡನೆಯದಕ್ಕೆ ಉಳಿದವೂ ಹೋದವು. ಅಷ್ಟರಲ್ಲಿ ಹಿಂದಿನ ಹುಲ್ಲಿನಿಂದ ನರಿ ಚಂಗನೆ ಹೊರಬಂದು, ಬಿದ್ದಿದ್ದ ಪುಕ್ಕದ ಉಂಡೆಗೆ ಗಬಕ್ಕನೆ ಬಾಯಿ ಹಾಕಿತು. ಕಟಕ್ಕೆಂದು ಮುಂದಿನ ಹಲ್ಲುಗಳೆಲ್ಲ ಮುರಿದವು. ಅದರ ಊಳು ಕೇಳಿ ಚಿಗರಿ ಗಕ್ಕನೆ ನಿಂತು ತಿರುಗಿ ನೋಡಿತು. ನರಿಯ ಬಾಯಿಂದ ರಕ್ತ ಸೋರುತ್ತಿತ್ತು, ತುಟಿಗೆಲ್ಲ ಕೋಳಿಪುಕ್ಕ ಮೆತ್ತಿಕೊಂಡಿತ್ತು.

"ಮರಿಗಳಲ್ಲ ನರಿಯಣ್ಣ, ಕಲ್ಲು," ಎಂದಳು ಕೆಂಚವ್ವ.

ಚಿಗರಿ ಮೆಲ್ಲಗೆ ಹೇಳಿತು: "ಗೌಜಲಕ್ಕಿಯ ಮರಿಗಳನ್ನೂ ನಾನೇ ಹೊತ್ತಿದ್ದೆ. ಅವು ಕಾಣದೇ ಹೋದಾಗ ಹದ್ದು ಒಯ್ದಿತು ಎಂದ ಇವನು. ನಂಬಿಬಿಟ್ಟೆ. ಓಡುವಾಗ ನಾನು ಒಮ್ಮೆಯೂ ಹಿಂದೆ ನೋಡಿದವನಲ್ಲ, ಕೆಂಚವ್ವ."

ಕೆಂಚವ್ವನಿಗೆ ಚಿಗರಿಯ ಮೇಲೆ ಸಿಟ್ಟು ಬರಲಿಲ್ಲ, ಮರುಕ ಬಂತು. ಅದೇ ಕಲ್ಲುಗಳನ್ನು ಕಾಡುಕುರಿಯ ಬೆನ್ನ ಮೇಲಿಟ್ಟು ಅದೇ ದಾರಿಯಲ್ಲಿ ಓಡಿಸಿ ನೋಡಿದಳು. ಅದು ತಗ್ಗು ಕಂಡಲ್ಲಿ ನಿಧಾನಿಸಿತು, ದಿಣ್ಣೆ ಇಳಿದ ಮೇಲೆ ಜೋರಾಯಿತು. ಒಂದು ಕಲ್ಲೂ ಬೀಳಲಿಲ್ಲ. ಮೇವೂ ದೊಡ್ಡ ತಾಪತ್ರಯವಲ್ಲ, ಅತ್ತಿಮರದ ಕೆಳಗೆ ಉದುರಿದ ಹಣ್ಣು ಕೊಟ್ಟರೆ ಆಯಿತು.

ನರಿಯ ಗುಹೆಯ ಕಡೆಗೆ ಆಮೇಲೆ ಯಾರೂ ಹೋಗಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಬೇಟೆಯೂ ನಡೆಯದೆ, ಅದು ಬಿದ್ದ ಹಣ್ಣು ಚೀಪುತ್ತಾ ಕಾಲ ಹಾಕಬೇಕಾಯಿತು.

ಪರೀಕ್ಷೆ ಮುಗಿದ ಮಾರನೆಯ ದಿನವೇ ಕೆಂಚವ್ವ ನಿಜವಾದ ಮರಿಗಳನ್ನು ಕಾಡುಕುರಿಯ ಮೇಲೆ ಕೂರಿಸಿಕೊಂಡು ಬಯಲಿಗಿಳಿದಳು. ಹದ್ದಿನ ನೆರಳು ಹುಲ್ಲಿನ ಮೇಲೆ ಹರಿದು ಬಂತು. ಅವಳು ರೆಕ್ಕೆ ಬಿಚ್ಚಿ ಐದನ್ನೂ ಮುಚ್ಚಿಕೊಂಡಳು. ಕಾಡುಕುರಿ ಹೆಜ್ಜೆ ತಪ್ಪದೆ ಓಡಿ ಹಳ್ಳದ ದಡದ ಪೊದೆಗೆ ನುಗ್ಗಿತು. ಮರಿಗಳು ಇಳಿದು ನೀರಿಗೆ ಕೊಕ್ಕು ಹಾಕಿದವು. ಕೆಂಚವ್ವ ಒಂದೊಂದನ್ನೇ ನೋಡಿದಳು. ಐದೂ ಇದ್ದವು. ಆಮೇಲೆ ತಾನೂ ಬಗ್ಗಿ ನೀರು ಕುಡಿದಳು.

ನೀತಿ: ಬರಿಬೆನ್ನಿನ ಓಟಕ್ಕೆ ಮರುಳಾಗಬೇಡಿ, ನಮ್ಮ ದಾರಿಯಲ್ಲಿ, ನಮ್ಮ ಭಾರ ಹೊತ್ತು, ನಾವು ಹಾಕಬಲ್ಲ ಮೇವು ತಿಂದು, ನಮ್ಮವರನ್ನು ಬೀಳಿಸದೆ ದಡ ಸೇರಿಸುವುದೇ ಒಳ್ಳೆಯ ಸವಾರಿ.