ಬಾಗಿಲ ಮೇಲಿನ ಯಜಮಾನರು

ನಮ್ಮೂರ ಗೋಡೆಗಳ ಮೇಲಿನ ಅಕ್ಷರವೆಲ್ಲ ನನ್ನ ಕೈಯದ್ದೇ. ಒಂದು ಕಂಪನಿಯ ಪ್ರತಿಷ್ಠಾನ ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿ ಬೀಗ ಜಡಿದಿತ್ತು. ಹುಡುಗಿಯರು ಇನ್ನೂ ಬೇಲಿ ಮರೆಗೇ ಓಡುತ್ತಿದ್ದರು.

"ಗೇಟಿನ ಮೇಲಿನ ಶಾಲೆ ಹೆಸರು ಅಳಿಸಿ ನಮ್ಮ ಯಜಮಾನರ ಹೆಸರು ಬರಿ. ಆಮೇಲೆ ಬೀಗದ ಕೈ," ಅಂದ ಅವರ ಅಧಿಕಾರಿ.

"ನಮ್ಮಲ್ಲಿ ಫ್ಯಾನು ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆ ಮೇಲೇ ಬರೆಯೋದು ಸಾರ್," ಅಂದವನೇ ಶೌಚಾಲಯದ ಬಾಗಿಲ ತುಂಬ ಯಜಮಾನರ ಹೆಸರು ಬರೆದೆ. ಮೀಸೆ ಸಮೇತ ಮುಖವನ್ನೂ ಬಿಡಿಸಿದೆ.

ಅಧಿಕಾರಿ ಬೆವೆತುಹೋದ. "ಅಳಿಸೋ! ನಾಳೆ ಯಜಮಾನರು ಬರ್ತಾರೆ!"

"ಗೇಟಿಗೆ ಬರೆದರೆ ಇದೂ ಇರುತ್ತೆ. ಎರಡೂ ಕಡೆ ಬೇಕೋ, ಎರಡೂ ಕಡೆ ಬೇಡವೋ?"

"ಎಲ್ಲೂ ಬೇಡ ಮಾರಾಯ!"

"ಈಗ ನೋಡಿ, ದಾನ ಅಂದ್ರೆ ಇದು. ಬೀಗದ ಕೈ ತನ್ನಿ, ಬಾಗಿಲು ಅಳಿಸ್ತೀನಿ."